ಛಾಯೆಯನ್ನು ಹಿಡಿದ ಕಲ್ಲುಗಳು

ಶಿರಸಿಯಿಂದ ಬನವಾಸಿಗೆ ಸುಮಾರು 23 ಕಿಲೋಮೀಟರುಗಳ ದಾರಿ. ಅಡಕೆಯ ತೋಟಗಳೂ ಅವುಗಳ ನೆತ್ತಿಯ ಮೇಲೆ ಹಬ್ಬಿದ ಸೊಪ್ಪಿನ ಬೆಟ್ಟಗಳೂ ಒಂದೊಂದಾಗಿ ಹಿಂದೆ ಸರಿದು, ಇಕ್ಕಟ್ಟಾದ ಕಣಿವೆಗಳು ಹರವಾಗಿ ಬಯಲಾಗಿ, ಗದ್ದೆಗಳ ನಡುವೆ ವರದಾ ನದಿಯು ಮೈತಿರುಗಿಸಿ ಹರಿಯುವಲ್ಲಿ, ಕದಂಬರ ರಾಜಧಾನಿಯಾಗಿದ್ದ ಆ ಪುರಾತನವಾದ ಊರು ಎದುರಾಗುತ್ತದೆ. ಮಧುಕೇಶ್ವರ ದೇವಾಲಯದ ಅಂಗಳವನ್ನು ಹೊಕ್ಕವನ ದೃಷ್ಟಿಯು ಗರ್ಭಗೃಹದ ಕಡೆಗೆ ಹರಿಯುವುದು ಸಹಜವೇ ಆದರೂ, ಪ್ರಾಕಾರದೊಳಗೆ ನಿಲ್ಲಿಸಿರುವ ವೀರಗಲ್ಲುಗಳ ಮುಂದೆ ಒಂದು ಗಳಿಗೆ ನಿಲ್ಲುವ ವ್ಯವಧಾನವಿದ್ದವನಿಗೆ ಒಂದು ಪ್ರಶ್ನೆ ಹುಟ್ಟದಿರದು. ಇವು ಸತ್ತವರಿಗಾಗಿ ನೆಟ್ಟ ಕಲ್ಲುಗಳೆಂಬುದು ಎಲ್ಲರಿಗೂ ತಿಳಿದದ್ದೇ. ಹಾಗಾದರೆ ಆ ಸತ್ತವರು ಎಲ್ಲಿ?

ಪ್ರಪಂಚದ ಪ್ರಾಚೀನ ಜನಾಂಗಗಳಲ್ಲಿ ಅನೇಕವು ಈ ಪ್ರಶ್ನೆಗೆ ಕೈತೋರಿಸಿ ಉತ್ತರಿಸಬಲ್ಲವು. ಈಜಿಪ್ಟಿನ ಸಕ್ಕಾರದಲ್ಲಿ ಕ್ರಿಸ್ತಪೂರ್ವ 27ನೆಯ ಶತಮಾನದಲ್ಲಿ ಜೋಸರ್ ಎಂಬ ದೊರೆಗೋಸ್ಕರ ಇಮ್ಹೋಟೆಪನು ಕಟ್ಟಿದ ಮೆಟ್ಟಿಲು ಪಿರಮಿಡ್ಡಿನ ಕೆಳಗೆ ನೆಲವನ್ನು ಕೊರೆದು ಮಾಡಿದ ಶವಗೃಹವುಂಟು. ಚೀನದ ಪ್ರಥಮ ಚಕ್ರವರ್ತಿಯಾದ ಚಿನ್ ಷಿ ಹುವಾಂಗನ ದಿಬ್ಬದ ಸಮೀಪದಲ್ಲಿ 1974ರಲ್ಲಿ ಬಾವಿ ತೋಡುತ್ತಿದ್ದ ರೈತರಿಗೆ ಸಿಕ್ಕಿದ ಸುಟ್ಟಮಣ್ಣಿನ ಸೈನ್ಯವು, ಮಣ್ಣೊಳಗೆ ಮಲಗಿರುವ ಒಡೆಯನೊಬ್ಬನನ್ನು ಕಾಯುವುದಕ್ಕೆಂದೇ ನಿರ್ಮಿತವಾದುದು. ಕ್ರಿಸ್ತಪೂರ್ವ 353ರಲ್ಲಿ ತೀರಿಕೊಂಡ ಮೌಸೋಲಸನೆಂಬ ಅರಸನ ಸಮಾಧಿಯು ಎಷ್ಟು ಭವ್ಯವಾಗಿದ್ದಿತೆಂದರೆ, ಯುರೋಪಿನ ಭಾಷೆಗಳಲ್ಲಿ ಮಹಾಸಮಾಧಿಗೆ ಅವನ ಹೆಸರೇ ನಿಂತುಹೋಯಿತು. ಅಷ್ಟು ದೂರವೇಕೆ, ನಮ್ಮ ವಿಜಯಪುರದ ಗೋಲ ಗುಮ್ಮಟವೂ 1656ರಲ್ಲಿ ನಿಧನನಾದ ಮಹಮ್ಮದ್ ಆದಿಲ್ ಶಾಹನ ಗೋರಿಯೇ ಅಲ್ಲವೆ? ಇವೆಲ್ಲವೂ ದೇಹವನ್ನು ನಡುವೆ ಇಟ್ಟುಕೊಂಡು, ಅದರ ಸುತ್ತ ಬೆಳೆದ ಕಟ್ಟಡಗಳು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಈ ಘಟ್ಟದ ಸೀಮೆಯಲ್ಲಾದರೋ ಸ್ಮಾರಕಗಳಿಗೆ ಬರವಿಲ್ಲ, ಆದರೆ ಅವುಗಳ ಅಡಿಯಲ್ಲಿ ದೇಹವಿರುವುದು ವಿರಳ. ಈ ವ್ಯತ್ಯಾಸಕ್ಕೆ ನಂಬುಗೆಯೊಂದೇ ಕಾರಣವಲ್ಲ. ನೆಲದ ಗುಣವೂ ಮಳೆಯ ನಡೆಯೂ ಇದರಲ್ಲಿ ಪಾಲುಗಾರರಾಗಿವೆ.

ಉಳಿಸುವ ನೆಲ, ಕರಗಿಸುವ ನೆಲ

ನಮ್ಮ ಎಲುಬಿನ ಗಟ್ಟಿತನವು ಬಹುಮಟ್ಟಿಗೆ ಸುಣ್ಣ ಮತ್ತು ರಂಜಕಗಳು ಕೂಡಿದ ಒಂದು ಖನಿಜದಿಂದ ಬಂದದ್ದು. ಈ ಖನಿಜವು ಕ್ಷಾರಗುಣದ ಮಣ್ಣಿನಲ್ಲಿ ಸಾವಿರಾರು ವರ್ಷ ತಾಳಿಕೊಳ್ಳಬಲ್ಲದು; ಆಮ್ಲದ ಸಂಸರ್ಗವಾಯಿತೆಂದರೆ ಮೆಲ್ಲಮೆಲ್ಲನೆ ಕರಗತೊಡಗುವುದು. ನೈಲ್ ನದಿಯ ದಡದ ಮರಳುಗಾಡಿನಲ್ಲಿ ಮಳೆಯೆಂಬುದೇ ಅಪರೂಪ. ಪಿರಮಿಡ್ಡುಗಳು ಏಳುವುದಕ್ಕೂ ಬಹುಮುಂಚೆ ಬಡವರ ಹೆಣಗಳನ್ನು ಬರಿಯ ಮರಳಿನ ಗುಳಿಯಲ್ಲಿ ಇಟ್ಟಾಗ, ಬಿಸಿಮರಳು ದೇಹದ ದ್ರವವನ್ನೆಲ್ಲ ಹೀರಿಕೊಂಡು, ಚರ್ಮವೂ ಕೂದಲೂ ಸಹ ಒಣಗಿ ಉಳಿದುಬಿಡುತ್ತಿದ್ದವು. ದೇಹವು ಉಳಿಯುವ ವಸ್ತುವೆಂಬ ನಂಬುಗೆಯನ್ನು ಅಲ್ಲಿಯ ಜನಕ್ಕೆ ನೆಲವೇ ಮೊದಲು ಕಲಿಸಿದುದಿರಬೇಕು. ಮುಂದೆ ನೇಟ್ರನ್ ಎಂಬ ಸ್ವಾಭಾವಿಕ ಸೋಡಾ ಲವಣದಲ್ಲಿ ಹೆಣವನ್ನು ಹುಗಿದಿಟ್ಟು ಒಣಗಿಸಿ, ನಾರುಬಟ್ಟೆಗಳಲ್ಲಿ ಸುತ್ತಿ, 70 ದಿವಸಗಳ ಸಂಸ್ಕಾರದಿಂದ ಅದನ್ನು ಚಿರಸ್ಥಾಯಿಯಾಗಿಸುವ ವಿದ್ಯೆಯನ್ನು ಅವರು ಸಾಧಿಸಿಕೊಂಡರು.

ಇದಕ್ಕೆ ಪ್ರತಿಯಾಗಿ ನಮ್ಮ ಘಟ್ಟದ ನೆಲವನ್ನು ನೋಡಿರಿ. ಶಿರಸಿಯಲ್ಲಿ ವರ್ಷಕ್ಕೆ ಸುಮಾರು 2500 ಮಿಲಿಮೀಟರ್ ಮಳೆ ಬೀಳುವುದು. ಪಡುವಣದ ಘಟ್ಟದಂಚಿಗೆ ಸರಿದಂತೆ ಅದು ಇನ್ನೂ ಹೆಚ್ಚುವುದು. ಆಕಾಶದಿಂದ ಇಳಿಯುವ ನೀರು ಗಾಳಿಯಲ್ಲಿನ ಇಂಗಾಲಾಮ್ಲವನ್ನು ಕೂಡಿಸಿಕೊಂಡೇ ಬರುತ್ತದೆ. ಕಾಡಿನ ದರಕನ್ನು ಹಾದು ಕೆಳಗಿಳಿಯುವಾಗ ಕೊಳೆತ ಎಲೆಗಳ ಆಮ್ಲಗಳೂ ಅದರೊಡನೆ ಸೇರುವುವು. ಹೀಗೆ ಯುಗಯುಗಾಂತರಗಳಿಂದ ತೊಳೆಯಲ್ಪಟ್ಟ ಶಿಲೆಯಿಂದ ಸುಣ್ಣವೂ ಮರಳಿನ ಅಂಶವೂ ಸೋರಿಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂಗಳ ಕಿಟ್ಟವಷ್ಟೇ ಉಳಿದದ್ದರಿಂದ ಉಂಟಾದುದೇ ನಾವು ಮನೆಕಟ್ಟಲು ಕಡಿದು ತೆಗೆಯುವ ಚಿರೆಕಲ್ಲು. ಬಂಡೆಯಿಂದಲೇ ಸುಣ್ಣವನ್ನು ಹೀರಿ ಒಯ್ದ ನೀರು ಎಲುಬಿನ ಸುಣ್ಣವನ್ನು ಬಿಟ್ಟೀತೆ? ಇಂತಹ ಮಣ್ಣಿನಲ್ಲಿ ಹೂಳಿದ ದೇಹವು ಕೆಲವೇ ತಲೆಮಾರುಗಳೊಳಗೆ ಕುರುಹಿಲ್ಲದಂತೆ ಲಯವಾಗುವುದುಂಟು. ಆದುದರಿಂದಲೇ ಮಲೆನಾಡಿನ ಪ್ರಾಚೀನ ಸಮಾಧಿಗಳನ್ನು ಶೋಧಿಸುವ ಪುರಾತತ್ತ್ವಜ್ಞನ ಕೈಗೆ ಮಡಕೆಯ ಚೂರುಗಳು ದೊರೆತಷ್ಟು ಸುಲಭವಾಗಿ ಮನುಷ್ಯನ ಅಸ್ಥಿ ದೊರೆಯುವುದಿಲ್ಲ.

ನೆಲವು ತಾನಾಗಿ ಮಾಡುವ ಈ ಕಾರ್ಯವನ್ನೇ ಇಲ್ಲಿಯ ಆಚಾರವು ಬುದ್ಧಿಪೂರ್ವಕವಾಗಿ ಮಾಡುತ್ತದೆ. ಹವ್ಯಕರ ಮನೆಯಲ್ಲಿ ಸಾವು ಸಂಭವಿಸಿದರೆ ದೇಹವನ್ನು ಅಗ್ನಿಗೊಪ್ಪಿಸಿ, ಸಂಚಯನ ಮಾಡಿದ ಅಸ್ಥಿಯನ್ನು ಘಟ್ಟದ ಕೆಳಗಿನ ಗೋಕರ್ಣಕ್ಕೆ ಒಯ್ದು ವಿಸರ್ಜಿಸುವುದು ವಾಡಿಕೆ. ಬೆಂಕಿ, ನೀರು, ಅನ್ನದ ಪಿಂಡ ಇವು ಮೂರೂ ಕರಗುವ ವಸ್ತುಗಳು, ಕರಗಿಸುವ ವಸ್ತುಗಳು. ದೇಹವು ಇಷ್ಟು ನಿಃಶೇಷವಾಗಿ ಪಂಚಭೂತಗಳಿಗೆ ಮರಳಿದಮೇಲೆ ಸತ್ತವನ ನೆನಪಿಗೆ ಆಶ್ರಯವೆಲ್ಲಿ? ಈ ಪ್ರಶ್ನೆಗೆ ಈ ಸೀಮೆಯು ಸುಮಾರು 1800 ವರ್ಷಗಳ ಹಿಂದೆಯೇ ಕೊಟ್ಟ ಉತ್ತರವೊಂದು ಬನವಾಸಿಯಲ್ಲಿ ದೊರೆತಿದೆ.

ರಾಣಿಯ ನೆರಳು

ಕದಂಬರು ಇನ್ನೂ ಉದಯಿಸದಿದ್ದ ಕಾಲದಲ್ಲಿ ಬನವಾಸಿಯು ಶಾತವಾಹನರ ಪ್ರಭಾವಕ್ಕೆ ಒಳಗಾಗಿತ್ತು. ಆ ವಂಶದ ವಾಸಿಷ್ಠೀಪುತ್ರ ಶಿವಶ್ರೀ ಪುಳುಮಾವಿಯ ಮಹಾದೇವಿಯು ಮೃತಳಾದಾಗ ಅವಳ ಹೆಸರಿನಲ್ಲಿ ನಿಲ್ಲಿಸಿದ ಶಿಲೆಯೊಂದು ಇಲ್ಲಿ ಸಿಕ್ಕಿದೆ. ಅದರ ಮೇಲಣ ಚಿಕ್ಕದಾದ ಪ್ರಾಕೃತ ಶಾಸನವು ಆ ಶಿಲೆಯನ್ನು ಕರೆಯುವುದು ಸಮಾಧಿಯೆಂದಲ್ಲ, ಗೋರಿಯೆಂದೂ ಅಲ್ಲ. ಸಂಸ್ಕೃತದಲ್ಲಿ ಹೇಳುವುದಾದರೆ ‘ಛಾಯಾಪ್ರಸ್ತರ’, ಎಂದರೆ ನೆರಳಿನ ಕಲ್ಲು ಎಂದು. ಭೀಮಾತೀರದ ಸನ್ನತಿಯಲ್ಲಿಯೂ ಕೃಷ್ಣಾತೀರದ ನಾಗಾರ್ಜುನಕೊಂಡದಲ್ಲಿಯೂ ಇಂತಹ ‘ಛಾಯಾಸ್ತಂಭ’ಗಳು ನಿಂತಿದ್ದವು, ಆದರೆ ನಮ್ಮ ಸೀಮೆಯ ಮಟ್ಟಿಗೆ ಸತ್ತವರ ಕಲೆಯ ಮೊದಲ ಅಕ್ಷರವು ಈ ರಾಣಿಯ ಕಲ್ಲಿನಲ್ಲಿಯೇ ಇದೆಯೆನ್ನಬೇಕು.

ಆ ಒಂದು ಪದದಲ್ಲಿ ಅಡಗಿರುವ ವಿಚಾರವು ಎಷ್ಟು ಗಂಭೀರವಾದುದೆಂಬುದನ್ನು ಯೋಚಿಸಬೇಕು. ನೆರಳು ದೇಹವಲ್ಲ, ಆದರೆ ದೇಹವಿದ್ದಿತೆಂಬುದಕ್ಕೆ ಅದಕ್ಕಿಂತ ನಿಷ್ಠೆಯ ಸಾಕ್ಷಿ ಬೇರೊಂದಿಲ್ಲ. ಸೂರ್ಯನಡಿಯಲ್ಲಿ ನಡೆದುಹೋದವನು ತನ್ನ ನೆರಳನ್ನು ಹಿಂದೆ ಬಿಟ್ಟುಹೋಗಲಾರ. ಹಾಗೆ ಬಿಟ್ಟುಹೋಗಲಾಗದುದನ್ನು ಕಲ್ಲಿನಲ್ಲಿ ಹಿಡಿದು ನಿಲ್ಲಿಸುವ ಪ್ರಯತ್ನವೇ ಛಾಯಾಪ್ರಸ್ತರ. ದೇಹವನ್ನು ಅಷ್ಟೊಂದು ಜತನದಿಂದ ರಕ್ಷಿಸಿದ ಈಜಿಪ್ಟಿನವರೂ ಮನುಷ್ಯನ ಅಂಗಗಳಲ್ಲಿ ನೆರಳನ್ನೂ ಒಂದಾಗಿ ಎಣಿಸಿದ್ದರೆಂಬುದು ಇಲ್ಲಿ ನೆನೆಯತಕ್ಕ ಮಾತು. ಜೋಸರನ ಪಿರಮಿಡ್ಡಿನ ಬದಿಯಲ್ಲಿ ಕಿಟಕಿ ಬಾಗಿಲುಗಳಿಲ್ಲದ ಒಂದು ಕಿರುಕೋಣೆಯೊಳಗೆ ಆ ದೊರೆಯ ಪ್ರತಿಮೆಯನ್ನು ಕೂರಿಸಿ, ಅದರ ಕಣ್ಣುಗಳ ಮಟ್ಟಕ್ಕೆ ಗೋಡೆಯಲ್ಲಿ ಎರಡು ತೂತುಗಳನ್ನು ಕೊರೆದಿದ್ದಾರೆ. ದೇಹಕ್ಕೆ ಒಂದು ವೇಳೆ ಅಪಾಯ ತಟ್ಟಿದರೂ ಪ್ರತಿಮೆಯಾದರೂ ಹೊರಗಿನ ಲೋಕವನ್ನು ನೋಡುತ್ತಿರಲೆಂಬುದು ಆ ಶಿಲ್ಪಿಗಳ ಆಶಯ.

ತೂತು ಎಂದೊಡನೆ ಕರ್ಣಾಟಕದ ಬೃಹಚ್ಛಿಲಾ ಸಮಾಧಿಗಳು ನೆನಪಿಗೆ ಬರುವುವು. ನಮ್ಮಲ್ಲಿ ಕಬ್ಬಿಣವು ಬಳಕೆಗೆ ಬಂದ ಕಾಲದ ಜನರು ಹಾಸುಬಂಡೆಗಳನ್ನು ನಾಲ್ಕೂ ಕಡೆಗೆ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿ ಮಾಡಿದ ಕಲ್ಮನೆಗಳು ಕೊಪ್ಪಳದ ಬಳಿಯ ಹಿರೇಬೆಣಕಲ್ಲಿನ ಬೆಟ್ಟದ ಮೇಲೆ ಸುಮಾರು 400 ಇವೆ. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರು ಉತ್ಖನನ ನಡೆಯಿಸಿದ ಬ್ರಹ್ಮಗಿರಿಯಲ್ಲಿಯೂ ಇಂತಹ ಕಲ್ಲುಪೆಟ್ಟಿಗೆಗಳು ನೆಲದೊಳಗೆ ದೊರೆತವು. ಅವುಗಳ ಒಂದು ಬದಿಯ ಬಂಡೆಯಲ್ಲಿ ದುಂಡನೆಯ ಕಿಂಡಿಯೊಂದನ್ನು ಕೊರೆದಿರುವರು. ಪಂಜರದಿಂದ ಹಕ್ಕಿ ಹಾರಿದಂತೆ ಜೀವವು ಹೊರಬರಲೆಂದು ಆ ಕಿಂಡಿಯೋ, ಮುಂದೆ ಸತ್ತವರ ಎಲುಬುಗಳನ್ನೂ ಒಳಗಿಡುವುದಕ್ಕಾಗಿಯೋ ಎಂದು ವಿದ್ವಾಂಸರು ತರ್ಕಿಸಿದ್ದಾರೆ. ಸಿದ್ದಾಪುರಕ್ಕೆ ನೆರೆಯಾದ ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ನಿಲಸ್ಕಲ್ಲಿನಲ್ಲಿ ಪೆಟ್ಟಿಗೆಯೂ ಇಲ್ಲ, ಕಿಂಡಿಯೂ ಇಲ್ಲ. ಆಳೆತ್ತರವನ್ನು ಮೀರಿದ ಒರಟುಕಲ್ಲುಗಳು ನಿಂತಿವೆ, ಅಷ್ಟೆ. ಊರಿನ ಹೆಸರು ಹುಟ್ಟಿದ್ದೇ ಆ ನಿಂತ ಕಲ್ಲುಗಳಿಂದ. ಅವುಗಳಲ್ಲಿ ಕೆಲವು ಜೋಡಿಗಳನ್ನು ಸೇರಿಸುವ ರೇಖೆಯು ಅಯನಾಂತ್ಯದ ದಿನಗಳಲ್ಲಿ ಸೂರ್ಯನು ಹುಟ್ಟುವ ಅಥವಾ ಮುಳುಗುವ ದಿಕ್ಕನ್ನು ತೋರಿಸುವುದೆಂದು ಸಂಶೋಧಕರು ಅಳೆದು ಗುರುತಿಸಿದ್ದಾರೆ. ಐರ್ಲೆಂಡಿನ ನ್ಯೂಗ್ರೇಂಜಿನಲ್ಲಿ ಕ್ರಿಸ್ತಪೂರ್ವ 3200ರ ಸುಮಾರಿಗೆ ಕಟ್ಟಿದ ಸಮಾಧಿಯ ಒಳಗೋಣೆಗೆ ಚಳಿಗಾಲದ ಅತ್ಯಂತ ಮೊಟಕು ಹಗಲುಗಳ ಮುಂಜಾವಿನಲ್ಲಿ ಮಾತ್ರ ಬಿಸಿಲು ಪ್ರವೇಶಿಸುವುದು. ಒಬ್ಬರನ್ನೊಬ್ಬರು ಎಂದೂ ಕಂಡರಿಯದ ಜನರು ತಮ್ಮ ಸತ್ತವರನ್ನು ನೆನೆಯುವಾಗ ಸೂರ್ಯನ ಕಡೆಗೇ ಮುಖಮಾಡಿದುದು, ಮುಳುಗಿದ್ದು ಮತ್ತೆ ಮೂಡುವುದೆಂಬ ಭರವಸೆಯು ಮನುಷ್ಯನಿಗೆ ದಿನವೂ ಕಣ್ಣೆದುರು ದೊರೆಯುವುದು ಆ ಒಂದೆಡೆಯಲ್ಲಿಯೇ ಆದುದರಿಂದ.

ದನ ಕಾದವನ ಕಥೆ

ರಾಣಿಯ ನೆರಳುಗಲ್ಲಿನಿಂದ ಹೊರಟ ದಾರಿಯು ಮುಂದಿನ ಶತಮಾನಗಳಲ್ಲಿ ಸಾಮಾನ್ಯನ ಹೊಲದ ಬದುವಿಗೆ ಬಂದು ನಿಂತಿತು. ಇದೇ ಕನ್ನಡ ನಾಡಿನ ಸ್ಮಾರಕಕಲೆಯ ಹಿರಿಮೆಯೆಂದು ನಾನು ಭಾವಿಸುತ್ತೇನೆ. ಬನವಾಸಿ ಪನ್ನಿರ್ಚ್ಛಾಸಿರವೆಂದು ಹೆಸರಾಗಿದ್ದ ಈ ಪ್ರಾಂತದ ವೀರಗಲ್ಲುಗಳ ಮುಂದೆ ನಿಂತಾಗ ಅವುಗಳನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಮೂರು ಅಂತಸ್ತುಗಳು. ಅಡಿಯ ಪಟ್ಟಿಕೆಯಲ್ಲಿ ಕಾಳಗ ನಡೆದಿದೆ: ಬಿಲ್ಲು, ಬಾಳು, ಗುರಾಣಿ, ಕೆಲವೆಡೆ ಕುದುರೆ, ಅನೇಕ ಕಡೆಗಳಲ್ಲಿ ಒಂದು ಮೂಲೆಯಲ್ಲಿ ಒತ್ತಾಗಿ ನಿಂತ ದನಗಳು. ನಡುವಣ ಪಟ್ಟಿಕೆಯಲ್ಲಿ ಅಪ್ಸರೆಯರು ಬಿದ್ದವನನ್ನು ಎರಡೂ ಕಡೆಯಿಂದ ಹಿಡಿದು ಮೇಲಕ್ಕೆ ಒಯ್ಯುತ್ತಿರುವರು. ಮೇಲಣ ಪಟ್ಟಿಕೆಯಲ್ಲಿ ಅವನು ಶಿವಲಿಂಗದ ಸನ್ನಿಧಿಯಲ್ಲಿ ಕೈಮುಗಿದು ಕುಳಿತಿರುವನು. ಎಲ್ಲಕ್ಕೂ ಮೇಲೆ ಸೂರ್ಯ ಚಂದ್ರರು. ಅವರಿರುವ ತನಕ ಈ ಕೀರ್ತಿಯೂ ಇರಲಿ ಎಂಬ ಆಶಯಕ್ಕೆ ಅವರೇ ಮುದ್ರೆ. ಅಂತಸ್ತುಗಳ ನಡುವಣ ದಿಂಡಿನ ಮೇಲೆ ಅಕ್ಷರಗಳು ಓಡುವುವು. ವೀರನ ಆಕಾರವನ್ನು ಇತರರಿಗಿಂತ ದೊಡ್ಡದಾಗಿ ಕಡೆಯುವ ಪದ್ಧತಿಯು ಈಜಿಪ್ಟಿನ ಸಮಾಧಿಚಿತ್ರಗಳಲ್ಲಿಯೂ ಕಾಣುವುದು. ಆದರೆ ಅಲ್ಲಿ ಹಿರಿದಾಗಿ ಕಾಣುವವನು ದೊರೆ ಅಥವಾ ಅಧಿಕಾರಿ, ಇಲ್ಲಿಯಾದರೋ ಅನೇಕ ವೇಳೆ ದನ ಕಾಯುತ್ತಿದ್ದ ಒಬ್ಬ ಊರಿನವನು.

ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ‘ತುಱುಗೋಳ್’ ಎಂಬುದು ಪರರು ನುಗ್ಗಿ ದನಗಳನ್ನು ಹೊಡೆದುಕೊಂಡು ಹೋಗುವ ಕೃತ್ಯ. ‘ಪೆಣ್ಬುಯ್ಯಲ್’ ಎಂಬುದು ಹೆಂಗಸರ ಮೊರೆಗೆ ಓಗೊಟ್ಟು ಮಾಡಿದ ಹೋರಾಟ. ‘ಊರಳಿವು’ ಊರಿಗೆ ಊರೇ ಹಾಳಾಗುವ ವಿಪತ್ತು. ದನವೇ ಧನವಾಗಿದ್ದ ಕಾಲದಲ್ಲಿ ಮಂದೆಯನ್ನು ಕಳೆದುಕೊಂಡ ಊರಿಗೆ ಉಳುಮೆಯಿಲ್ಲ, ಗೊಬ್ಬರವಿಲ್ಲ, ಹಾಲಿಲ್ಲ. ಅದನ್ನು ಮರಳಿಸಿ ತಾನು ಮರಳದೆ ಹೋದವನಿಗೆ ಊರು ಕಲ್ಲನ್ನು ನಿಲ್ಲಿಸಿದುದಲ್ಲದೆ, ‘ಬಾಳ್ಗಚ್ಚು’, ‘ನೆತ್ತರುಗೊಡಗೆ’ ಮೊದಲಾದ ಹೆಸರುಗಳಿಂದ ಭೂಮಿಯನ್ನೂ ಬಿಟ್ಟುಕೊಡುತ್ತಿದ್ದಿತು. ಬಾಳನ್ನು ತೊಳೆದ ನೀರಿನ ನೆಲ, ಚೆಲ್ಲಿದ ನೆತ್ತರಿಗೆ ಕೊಟ್ಟ ನೆಲ. ಈ ಮಾತುಗಳಲ್ಲಿರುವ ಋಣಪ್ರಜ್ಞೆಯು ಯಾವ ಪಿರಮಿಡ್ಡಿಗೂ ಕಡಮೆಯದಲ್ಲ. ಮೃತನ ಸಂಪತ್ತನ್ನು ಅವನೊಡನೆ ಹೂಳುವುದು ಒಂದು ಬಗೆಯ ಗೌರವವಾದರೆ, ಅವನ ಹಿಂದುಳಿದವರಿಗೆ ಉಣ್ಣುವ ಗದ್ದೆಯನ್ನು ಕೊಡುವುದು ಇನ್ನೊಂದು ಬಗೆಯದು.

ಈ ಕೃತಜ್ಞತೆಯು ಮನುಷ್ಯರಿಗೇ ಸೀಮಿತವಾಗಿರಲಿಲ್ಲ. 949-50ರ ಸುಮಾರಿನ ಆತಕೂರಿನ ಶಾಸನವು, ಗಂಗ ಬೂತುಗನ ಸೇವಕನಾದ ಮಣಲೇರನು ಬೇಡಿ ಪಡೆದ ಕಾಳಿ ಎಂಬ ಬೇಟೆನಾಯಿಯು ಹಂದಿಯೊಡನೆ ಹೋರಾಡಿ, ಎರಡೂ ಸತ್ತ ಸಂಗತಿಯನ್ನು ಹೇಳಿ, ಅದರ ನೆನಪಿಗೆ ಕಲ್ಲು ನೆಟ್ಟು ನೆಲವನ್ನು ಬಿಟ್ಟುದನ್ನು ದಾಖಲಿಸುತ್ತದೆ. ಅದೇ ಶಿಲೆಯಲ್ಲಿ ತಕ್ಕೋಲದ ಮಹಾಯುದ್ಧದ ವೃತ್ತಾಂತವೂ ಸೇರಿರುವುದರಿಂದ ಇತಿಹಾಸಕಾರರಿಗೆ ಅದು ಅಮೂಲ್ಯವಾದ ಆಧಾರ. ಬೆಂಗಳೂರೆಂಬ ಹೆಸರು ಪ್ರಾಚೀನವಾಗಿ ಕಾಣುವುದೂ ಬೇಗೂರಿನ, ಸುಮಾರು 9ನೆಯ ಶತಮಾನದ ಕೊನೆಯ, ಒಂದು ವೀರಸ್ಮಾರಕ ಶಾಸನದಲ್ಲಿಯೇ. ಸತ್ತವರನ್ನು ನೆನೆಯಲು ಕಡೆದ ಕಲ್ಲುಗಳು ಹೀಗೆ ಬದುಕಿದವರ ಚರಿತ್ರೆಯ ಅಡಿಗಲ್ಲುಗಳಾದುವು.

ಬಳೆಯ ತೋಳು, ತುಳಸಿಯ ನೆತ್ತಿ

ವೀರಗಲ್ಲಿನ ಮಗ್ಗುಲಲ್ಲಿ ಅನೇಕ ವೇಳೆ ಮಾಸ್ತಿಕಲ್ಲು ನಿಂತಿರುವುದು: ಕಂಬವೊಂದರಿಂದ ಹೊರಚಾಚಿ ಮೇಲಕ್ಕೆ ಮಡಿಸಿದ ಒಂದು ತೋಳು, ಮುಂಗೈಯಲ್ಲಿ ಒಡೆಯದ ಬಳೆಗಳು, ಬೆರಳುಗಳ ನಡುವೆ ಒಂದು ನಿಂಬೆಯ ಹಣ್ಣು. ಬಳೆಯು ಒಡೆದಿಲ್ಲವೆಂಬುದೇ ಆ ಶಿಲ್ಪದ ಅರ್ಥ; ಗಂಡನ ಚಿತೆಯನ್ನೇರಿದವಳು ವಿಧವೆಯಾಗಲಿಲ್ಲವೆಂದು ಅದು ಸಾರುತ್ತದೆ. ಮಾಸ್ತಿಕಟ್ಟೆಯೆಂಬ ಊರಿನ ಹೆಸರಿನಲ್ಲಿ ಅವಳು ಇಂದಿಗೂ ಉಳಿದಿದ್ದಾಳೆ. ಆದರೆ ಆ ತೋಳನ್ನು ನೋಡುವಾಗ ಶಿಲ್ಪಸೌಂದರ್ಯಕ್ಕೆ ಮನಸೋತು ಸುಮ್ಮನಾಗುವುದು ಸಲ್ಲದು. ಅದು ಜೀವಂತವಾದ ಒಂದು ಹೆಣ್ಣಿನ ತೋಳು. ಉರಿಗೆ ಸಂದ ತೋಳು. 1829ರಲ್ಲಿ ಬಂಗಾಳದ ಆಧಿಪತ್ಯದಲ್ಲಿ ಈ ಪದ್ಧತಿಯು ಕಾಯಿದೆಯಿಂದ ನಿಷಿದ್ಧವಾಗುವ ತನಕ ಎಷ್ಟು ಮಂದಿ ಹೀಗೆ ಪೂಜ್ಯರಾಗುವ ಮುನ್ನ ಬೂದಿಯಾದರೋ! ಸ್ಮಾರಕಗಳು ಒಂದು ಕಾಲದ ಔದಾರ್ಯವನ್ನು ಹೇಗೋ ಹಾಗೆ ಅದರ ಕ್ರೌರ್ಯವನ್ನೂ ಬಚ್ಚಿಡದೆ ಹೇಳುವುವು; ಎರಡನ್ನೂ ಕೇಳುವ ಕಿವಿ ನಮಗಿರಬೇಕು.

ಜೈನರ ನಿಸಿಧಿಗಳದು ಬೇರೊಂದು ಬಗೆಯ ಮೌನ. ಅಲ್ಲಿ ಕಾಳಗವಿಲ್ಲ, ಅಪ್ಸರೆಯರಿಲ್ಲ. ಆಹಾರವನ್ನು ಕ್ರಮಕ್ರಮವಾಗಿ ತೊರೆದು, ಸಲ್ಲೇಖನ ವ್ರತದಿಂದ ದೇಹವನ್ನು ತಾನಾಗಿಯೇ ಇಳಿಸಿದವರ ನೆನಪಿಗೆ, ಮೇಲೆ ಜಿನನನ್ನೂ ಕೆಳಗೆ ಗ್ರಂಥಪೀಠದ ಎರಡು ಬದಿಗೆ ಗುರುಶಿಷ್ಯರನ್ನೂ ಕಡೆದಿರುವರು. ರಾಷ್ಟ್ರಕೂಟ ವಂಶದ ಕೊನೆಯ ಕುಡಿಯಾದ ನಾಲ್ಕನೆಯ ಇಂದ್ರನು ರಾಜ್ಯವೆಲ್ಲ ಕೈಬಿಟ್ಟ ಬಳಿಕ 982ರಲ್ಲಿ ಶ್ರವಣಬೆಳಗೊಳದಲ್ಲಿ ಈ ವ್ರತದಿಂದಲೇ ಮುಡಿಪಿದನು. ಸಿದ್ದಾಪುರದ ಬಿಳಗಿಯ ರತ್ನತ್ರಯ ಬಸದಿಯನ್ನೂ ಶಿರಸಿಯ ಸೋದೆಯ ಜೈನಮಠವನ್ನೂ ಕಂಡವರಿಗೆ ಆ ಧರ್ಮವು ಈ ಕಾಡಿನ ನಾಡಿನಲ್ಲಿಯೂ ಎಷ್ಟು ಆಳವಾಗಿ ಬೇರೂರಿದ್ದಿತೆಂಬುದು ವೇದ್ಯವಾಗುವುದು.

ಅದೇ ಸೋದೆಯಲ್ಲಿ ಯತಿಗಳಾದ ವಾದಿರಾಜ ತೀರ್ಥರ ಪಂಚ ಬೃಂದಾವನಗಳಿವೆ. 1600ರಲ್ಲಿ ಅವರು ಸಶರೀರರಾಗಿ ಬೃಂದಾವನವನ್ನು ಪ್ರವೇಶಿಸಿದರೆಂಬುದು ಭಕ್ತರ ಶ್ರದ್ಧೆ. ದೇಹವನ್ನು ದಹಿಸುವ ಸಮಾಜದಲ್ಲಿ ಸಂನ್ಯಾಸಿಗಳಿಗೆ ಈ ಅಪವಾದವುಂಟು. ಅಗ್ನಿಯನ್ನು ಜೀವಿತದಲ್ಲಿಯೇ ತ್ಯಜಿಸಿದವರಿಗೆ ಮತ್ತೆ ಅಗ್ನಿಸಂಸ್ಕಾರವಿಲ್ಲ. ಹೀಗಾಗಿ ಇಂತಹ ಸಮಾಜದ ನಿಜವಾದ ಸಮಾಧಿಗಳು ಬಹುಮಟ್ಟಿಗೆ ಯತಿಗಳವು. ಅಲ್ಲಿಯೂ ಸಮಾಧಿಯ ನೆತ್ತಿಯಲ್ಲಿರುವುದು ತುಳಸಿಯ ಗಿಡಕ್ಕೆ ಮೀಸಲಾದ ಎಡೆ. ಸಾವಿನ ಕಲ್ಲಿನ ತುದಿಗೆ ಚಿಗುರುವ ಒಂದು ಸಸ್ಯ. ಇನ್ನು ಯಲ್ಲಾಪುರದ ಕಾಡಿನಂಚಿನಲ್ಲಿ ನೆಲೆಸಿರುವ ಸಿದ್ದಿಗಳ ಪೂರ್ವಿಕರನ್ನು ಆಫ್ರಿಕದ ನೆಲದಿಂದ ಕಿತ್ತು ಹಡಗಿನಲ್ಲಿ ತಂದವರು ಅವರ ಗೋರಿಗಳನ್ನು ಜೊತೆಗೆ ತರಲು ಬಿಡಲಿಲ್ಲವಷ್ಟೆ. ಆದರೂ ಅವರ ಮನೆಗಳಲ್ಲಿ ‘ಹಿರಿಯರು’ ಎಂಬ ಭಾವದಿಂದ ತೆಂಗಿನಕಾಯಿಯನ್ನಿಟ್ಟು ಪೂಜಿಸುವ ಪದ್ಧತಿಯುಂಟು. ಕಲ್ಲೂ ಇಲ್ಲದೆ, ಅಕ್ಷರವೂ ಇಲ್ಲದೆ, ಒಂದು ಕಾಯಿಯಲ್ಲಿ ತಲೆಮಾರುಗಳನ್ನು ಉಳಿಸಿಕೊಂಡ ಆ ಜನರು ಛಾಯೆಯೆಂಬ ಮಾತಿನ ಅರ್ಥವನ್ನು ನಮಗಿಂತ ಚೆನ್ನಾಗಿ ಬಲ್ಲರು.

ಓದುವವರ ಹೊಣೆ

ಪಿರಮಿಡ್ಡುಗಳಿಗೆ ಕಳ್ಳರು ಶತ್ರುಗಳಾದರು, ಒಳಗೆ ಚಿನ್ನವಿದ್ದುದರಿಂದ. ನಮ್ಮ ವೀರಗಲ್ಲಿನ ಶತ್ರು ಕಲ್ಲುಹೂವು. ಬೂದುಬಣ್ಣದ ಚಿತ್ತಾರದಂತೆ ಹಬ್ಬುವ ಈ ಜೀವಿಯು ಶಿಲೆಯ ಸಂದಿಗಳಿಗೆ ಸೂಕ್ಷ್ಮವಾದ ಎಳೆಗಳನ್ನು ಇಳಿಬಿಟ್ಟು, ತನ್ನಿಂದ ಸ್ರವಿಸುವ ಆಮ್ಲದಿಂದ ಖನಿಜಗಳನ್ನು ಸಡಿಲಿಸುವುದು. ಚಿರೆಕಲ್ಲು ಒರಟಾದುದರಿಂದ ನಯವಾದ ಕೆತ್ತನೆಗೆ ಒಗ್ಗದು. ಬಳಪದ ಕಲ್ಲಿನ ಜಾತಿಯ ಮೆದುಶಿಲೆಯು ಉಳಿಗೆ ಸುಲಭವಾಗಿ ಒಲಿಯುವುದಾದರೂ, ಉಳಿಗೆ ಒಲಿದದ್ದು ಮಳೆಗೂ ಒಲಿಯುವುದು. ನಾಲ್ಕು ತಿಂಗಳ ಜಡಿಮಳೆಯಲ್ಲಿ ಒದ್ದೆಯಾಗಿ, ಎಂಟು ತಿಂಗಳು ಒಣಗುತ್ತ, ಅಕ್ಷರಗಳು ತಲೆಮಾರಿನಿಂದ ತಲೆಮಾರಿಗೆ ತೆಳ್ಳಗಾಗುವುವು. ಇದಕ್ಕಿಂತ ಹೆಚ್ಚಿನ ಹಾನಿಯನ್ನು ಮನುಷ್ಯರಾದ ನಾವೇ ಮಾಡುತ್ತೇವೆ: ತೋಟದ ಸಂಕಕ್ಕೆ ಹಾಸುಗಲ್ಲಾಗಿ ಹಾಕಿ, ಬಟ್ಟೆ ಒಗೆಯುವ ಬಂಡೆಯಾಗಿ ಮಾಡಿಕೊಂಡು, ಭಕ್ತಿಯಿಂದಲೇ ಆದರೂ ಬಣ್ಣ ಬಳಿದು. ನಿಂತ ಜಾಗದಿಂದ ಕದಲಿಸಿದ ಕಲ್ಲು ತನ್ನ ಅರ್ಧ ಮಾತನ್ನು ಕಳೆದುಕೊಳ್ಳುವುದು. ಯಾವ ಊರು, ಯಾವ ಗಡಿ, ಯಾವ ದಾರಿ ಎಂಬ ಸಂಗತಿಯು ಅದರ ಮೈಮೇಲಿಲ್ಲ, ಅದರ ಕಾಲಡಿಯ ನೆಲದಲ್ಲಿದೆ.

ಸವೆದ ಅಕ್ಷರವನ್ನು ಓದುವುದಕ್ಕೆ ದೊಡ್ಡ ಯಂತ್ರಗಳೇನೂ ಬೇಡ. ನೆತ್ತಿಯ ಮೇಲಿನ ಬಿಸಿಲಿನಲ್ಲಿ ಬೋಳಾಗಿ ಕಾಣುವ ಶಿಲೆಯ ಮೇಲೆ ಸಂಜೆಯ ಓರೆಬೆಳಕು ಬಿದ್ದಾಗ, ಕೂದಲೆಳೆಯಷ್ಟು ಆಳದ ಗೆರೆಯೂ ತನ್ನೊಳಗೆ ನೆರಳನ್ನು ತುಂಬಿಕೊಂಡು ಕಪ್ಪಾಗಿ ಎದ್ದುಬರುತ್ತದೆ. ರಾತ್ರಿಯಾದರೆ ಬ್ಯಾಟರಿಯನ್ನು ಕಲ್ಲಿನ ಪಕ್ಕದಿಂದ ಹಿಡಿದರೂ ಅದೇ ಫಲ. ಶಾಸನತಜ್ಞರು ಒದ್ದೆಮಾಡಿದ ಕಾಗದವನ್ನು ಕಲ್ಲಿಗೆ ಹೊದಿಸಿ, ಕುಂಚದಿಂದ ಬಡಿದು ಅಕ್ಷರದ ತಗ್ಗುಗಳಿಗೆ ಇಳಿಸಿ, ಮೇಲೆ ಮಸಿಯನ್ನು ಒತ್ತಿ ಅಚ್ಚು ತೆಗೆಯುವರು. ತಗ್ಗಾದ ಅಕ್ಷರಗಳು ಬಿಳಿದಾಗಿ ನಿಲ್ಲುವುವು. ಶಕವರ್ಷವು ಸಿಕ್ಕಿದರೆ ಅದಕ್ಕೆ 78ನ್ನು ಕೂಡಿಸಿದರೆ ಕ್ರಿಸ್ತಶಕದ ವರ್ಷವು ದೊರೆಯುವುದು. ಸಿಗದಿದ್ದರೆ ಅಕ್ಷರಗಳ ಆಕೃತಿಯನ್ನೇ ನೋಡಿ ಶತಮಾನವನ್ನು ಊಹಿಸುವರು. ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯವರು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಅಂದಿನ ಕನ್ನಡ ಜಿಲ್ಲೆಗಳ ಊರೂರುಗಳನ್ನು ತಿರುಗಿ ಇಂತಹ ಅಚ್ಚುಗಳನ್ನು ಕೂಡಿಹಾಕಿದರು. ಅವರ ಕಾಲ್ನಡಗೆಯ ಋಣವು ನಮ್ಮೆಲ್ಲರ ಮೇಲಿದೆ.

ಈಜಿಪ್ಟಿನ ಸಮಾಧಿಗಳ ಬಾಗಿಲುಗಳಲ್ಲಿ, ದಾರಿಯಲ್ಲಿ ಹೋಗುವ ಬದುಕಿರುವವರನ್ನು ಉದ್ದೇಶಿಸಿದ ಬಿನ್ನಹಗಳನ್ನು ಕೊರೆದಿರುತ್ತಿದ್ದರು. ಕೊಡಲು ನಿಮ್ಮಲ್ಲಿ ಏನೂ ಇಲ್ಲದಿದ್ದರೂ ಚಿಂತೆಯಿಲ್ಲ, ಬಾಯಿಂದ ಹರಕೆಯ ಮಾತನ್ನಾದರೂ ನುಡಿಯಿರಿ, ಸತ್ತವನ ಹೆಸರನ್ನು ಹೇಳಿರಿ ಎಂಬುದು ಅವುಗಳ ಸಾರ. ಅಷ್ಟು ದೊಡ್ಡ ಕಲ್ಲಿನ ರಾಶಿಯನ್ನು ಪೇರಿಸಿದವರೂ, ಅಷ್ಟು ಜತನದಿಂದ ದೇಹವನ್ನು ಕಾದಿಟ್ಟವರೂ, ಕಡೆಗೆ ನೆಚ್ಚಿದುದು ದಾರಿಹೋಕನ ನಾಲಗೆಯನ್ನು. ದೇಹವನ್ನು ಮೊದಲೇ ಬೆಂಕಿಗೂ ನೀರಿಗೂ ಒಪ್ಪಿಸಿಬಿಟ್ಟ ನಮ್ಮ ಹಿರಿಯರಾದರೋ ಮೊದಲಿನಿಂದಲೂ ಅದೊಂದನ್ನೇ ನೆಚ್ಚಿದ್ದರು. ಆದುದರಿಂದ ಶಿರಸಿಯ ಗದ್ದೆಯಂಚಿನಲ್ಲಿಯೋ ಸಿದ್ದಾಪುರದ ಬೆಟ್ಟದ ಬುಡದಲ್ಲಿಯೋ ಯಲ್ಲಾಪುರದ ಕಾಡುದಾರಿಯಲ್ಲಿಯೋ ಒಂದು ಕಲ್ಲು ನಿಮಗೆ ಎದುರಾದರೆ, ಅದನ್ನು ಅಲುಗಿಸಬೇಡಿರಿ. ಅದು ನಿಂತ ಜಾಗವನ್ನು ಬರೆದಿಟ್ಟುಕೊಳ್ಳಿರಿ. ಹೊತ್ತು ಪಡುವಣಕ್ಕೆ ವಾಲುವ ತನಕ ಅಲ್ಲಿಯೇ ಕಾದಿರಿ. ಬೆಳಕು ಓರೆಯಾಗಿ, ಅಕ್ಷರಗಳೊಳಗೆ ನೆರಳು ತುಂಬಿ ಬಂದಾಗ, ದನಗಳನ್ನು ಮರಳಿಸಿ ತಾನು ಮರಳದಿದ್ದವನ ಹೆಸರನ್ನು ಒಮ್ಮೆ ಗಟ್ಟಿಯಾಗಿ ಓದಿರಿ.